ಕರಣಕೋಟದ ಅತ್ತೆಯರಿಗೆ, ಇಲಿಮನೆಯಿಂದ

ಕರಣಕೋಟದ, ತಾಂಡೂರು ಸುತ್ತಿನ ಊರುಗಳ ದೊಡ್ಡವ್ವ, ಸಣ್ಣವ್ವ, ಕಾಕು, ಸೋದರತ್ತೆಯರಿಗೆ, ಒಟ್ಟಿನಲ್ಲಿ ಮನೆಗೆ ಸೊಸೆ ತಂದುಕೊಂಡವರಿಗೆ, ಈ ವರ್ಷ ತರಬೇಕೆಂದು ಹೆಣ್ಣು ನೋಡುತ್ತಿರುವವರಿಗೆ, ನಿಮ್ಮೂರ ಮಗಳ ಪತ್ರ.

ಈ ಪತ್ರವನ್ನು ನಿಮ್ಮಲ್ಲಿ ಬಹಳ ಮಂದಿ ಓದಲಾರಿರಿ ಎಂದು ಗೊತ್ತು. ನಮ್ಮ ಕಡೆ ಕನ್ನಡ ಮನೆಯೊಳಗಿನ ಮಾತು, ಮಕ್ಕಳ ಪಾಟಿಯ ಮೇಲೆ ತೆಲುಗು. ಗಡಿಯಾಚೆ ಸೇಡಂ, ಚಿಂಚೋಳಿ ಕಡೆಯಿಂದ ಬಂದ ಸೊಸೆಯಿದ್ದರೆ ಅವಳ ಕೈಗೆ ಕೊಡಿ, ಓದಿ ಹೇಳುತ್ತಾಳೆ. ಅವಳು ತನ್ನಷ್ಟಕ್ಕೆ ಮೊದಲೇ ಓದಿಕೊಂಡರೆ ಇನ್ನೂ ಒಳ್ಳೆಯದು. ಇದು ಅವಳದೇ ವಿಷಯ.

ಭದ್ರೇಶ್ವರ ಜಾತ್ರೆಗೆ ಊರಿಗೆ ಬಂದಾಗಲೆಲ್ಲ ನೀವು ಕೇಳುತ್ತಿದ್ದಿರಿ: "ಹೈದರಾಬಾದದಾಗ ಏನ ನೌಕರಿ ಮಾಡ್ತಿಯವ್ವಾ?" ನಾನು "ದವಾಖಾನಿ ಕೆಲಸ" ಎಂದು ಮಾತು ಮುಗಿಸುತ್ತಿದ್ದೆ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ಖರೆಯೂ ಅಲ್ಲ. ಮೂವತ್ತು ವರ್ಷ ನಾನಿದ್ದದ್ದು ಒಂದು ಪ್ರಯೋಗಾಲಯದ ಇಲಿಮನೆಯಲ್ಲಿ. ಬಿಳಿ ಮೈ, ಕೆಂಪು ಕಣ್ಣಿನ ಇಲಿಗಳು. ಅದರಲ್ಲೂ ನನ್ನ ಪಾಲಿಗೆ ಬಂದದ್ದು ಬಸುರಿ ಇಲಿಗಳು. ಇದನ್ನು ಊರಲ್ಲಿ ಹೇಗೆ ಹೇಳಲಿ? ಮೊದಲೇ ಗಣಪತಿಯ ವಾಹನ, ಮೇಲೆ ಬಸುರಿ. ಬಸುರಿ ಬೆಕ್ಕು ಅಂಗಳಕ್ಕೆ ಬಂದರೆ ಬಟ್ಟಲಿಗೆ ಹಾಲು ಹಾಕುವವರು ನೀವು. ನಾನು ಸಂಬಳ ತೆಗೆದುಕೊಂಡು ಬಸುರಿ ಇಲಿಯ ಹೊಟ್ಟೆ ಸೀಳುತ್ತಿದ್ದೆ ಎಂದರೆ ನನ್ನ ಕೈಯ ನೀರನ್ನೂ ಕುಡಿಯುತ್ತಿರಲಿಲ್ಲ.

ಈಗ ನಿವೃತ್ತಳಾಗಿದ್ದೇನೆ. ಹೆದರಿಕೆ ಹೋಗಿದೆ. ಹೇಳದೆ ಉಳಿಸಿಕೊಂಡದ್ದು ಮಾತ್ರ ಎದೆಯ ಮೇಲೆ ಪರಸಿ ಕಲ್ಲಿನ ಹಾಗೆ ಕೂತಿದೆ.

ಮೊದಲು ಕೆಲಸ ಎಂಥದ್ದಿತ್ತು, ಕೇಳಿ. ಇಲಿಮನೆಯೊಳಗೆ ಹೋಗುವ ಮುಂಚೆ ಕೈಕಾಲು ತೊಳೆದು, ಬಟ್ಟೆ ಬದಲಿಸಿ, ತಲೆಗೆ ಟೋಪಿ, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ನಿಮ್ಮ ದೇವರ ಕೋಣೆಗಿಂತ ಮಡಿ ಹೆಚ್ಚು. ಹನ್ನೆರಡು ತಾಸು ಬೆಳಕು, ಹನ್ನೆರಡು ತಾಸು ಕತ್ತಲು. ಹೊರಗೆ ಬೇಸಿಗೆ ಉರಿಯುತ್ತಿದ್ದರೂ ಒಳಗೆ ತಣ್ಣಗೆ 22ರಿಂದ 24 ಡಿಗ್ರಿ. ಮಲಗಲು ಬಿಸಿ ಹಬೆಯಲ್ಲಿ ಶುದ್ಧ ಮಾಡಿದ ಭತ್ತದ ಹೊಟ್ಟು. ಮೇ ತಿಂಗಳಲ್ಲಿ ನಮ್ಮ ಖಣಿಗಳಲ್ಲಿ ಕಲ್ಲು ಹೊರುತ್ತಿದ್ದ ಬಸುರಿಯರಿಗೆ ಇರದ ನೆರಳು ಆ ಇಲಿಗಳಿಗಿತ್ತು. ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಆ ತಣ್ಣನೆಯ ಕೋಣೆಗೆ ಹೋದ ಮೊದಲ ದಿನವೇ ನನಗೆ ನೆನಪಾದದ್ದು ನನ್ನ ಅವ್ವ.

ಹೆಣ್ಣಿಲಿಯ ಚಕ್ರ ನಾಲ್ಕೈದು ದಿನದ್ದು. ದಿನಾ ಬೆಳಗ್ಗೆ ಒಂದು ಹನಿ ಉಪ್ಪುನೀರು ಬಿಟ್ಟು, ಹಿಂದಕ್ಕೆ ಎಳೆದುಕೊಂಡು, ಗಾಜಿನ ಪಟ್ಟಿಯ ಮೇಲೆ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು. ಇಲಿ ಬೆದೆಗೆ ಬಂದಿದ್ದರೆ ಒಳಗೆ ಅವಲಕ್ಕಿ ಚೆಲ್ಲಿದ ಹಾಗೆ ಕಾಣುತ್ತದೆ. ಆ ಸಂಜೆ ಗಂಡಿನ ಪಂಜರಕ್ಕೆ ಬಿಡುವುದು. ಮರುದಿನ ಬೆಳಗ್ಗೆ ಹನಿಯಲ್ಲಿ ವೀರ್ಯಾಣು ಕಂಡರೆ ಅಂದಿನಿಂದ ಲೆಕ್ಕ ಶುರು. ಇಪ್ಪತ್ತೊಂದು, ಹೆಚ್ಚೆಂದರೆ ಇಪ್ಪತ್ತಮೂರು ದಿನ, ಹೆರಿಗೆ. ನಿಮ್ಮ ಸೊಸೆಯ ಹೊಟ್ಟೆಯಲ್ಲಿ ಯಾವ ದಿನ ಏನಾಯಿತೆಂದು ಯಾರೂ ದಿನ ಹಿಡಿದು ಹೇಳಲಾರರು. ಇಲಿಯಲ್ಲಿ ಹೇಳಬಹುದು. ಏನು ತಿಂದಿತು, ಎಷ್ಟು ತಿಂದಿತು ಎಂದೂ ತೂಗಿ ಹೇಳಬಹುದು. ವಿಜ್ಞಾನಿಗಳು ಇಲಿ ಹಿಡಿದದ್ದು ಇದಕ್ಕೇ.

ಹುಟ್ಟಿದ ಮರಿ ಅರ್ಧ ತೊಲದಷ್ಟು. ಕೂದಲಿಲ್ಲ, ಕಣ್ಣು ಬಿಟ್ಟಿರುವುದಿಲ್ಲ. ಚರ್ಮ ಎಷ್ಟು ತೆಳುವೆಂದರೆ ಹಾಲು ಕುಡಿದಿದ್ದರೆ ಹೊಟ್ಟೆಯಲ್ಲಿ ಬೆಳ್ಳನೆಯ ಪಟ್ಟಿ ಹೊರಗಿನಿಂದಲೇ ಕಾಣುತ್ತದೆ. ಬೆಳಗ್ಗೆ ಹೋದ ಕೂಡಲೇ ನಾನು ನೋಡುತ್ತಿದ್ದದ್ದು ಆ ಪಟ್ಟಿಯನ್ನು. ಪಟ್ಟಿ ಕಾಣದ ಮರಿ ಬಹುಮಟ್ಟಿಗೆ ಮರುದಿನ ಇರುತ್ತಿರಲಿಲ್ಲ.

ಎಲ್ಲ ಇಲಿಗಳಿಗೂ ಹಡೆಯಲು ಬಿಡುತ್ತಿರಲಿಲ್ಲ. ಕೆಲವನ್ನು ಇಪ್ಪತ್ತನೆಯ ದಿನವೇ ಕೊಂದು ಹೊಟ್ಟೆ ತೆರೆಯುವುದು. ಇಲಿಯ ಗರ್ಭಚೀಲಕ್ಕೆ ಎರಡು ಕವಲು. ಕಾಳು ತುಂಬಿದ ಎರಡು ತೊಗರಿಕಾಯಿ ಜೋಡಿಸಿದ ಹಾಗೆ, ಉಬ್ಬಿಗೊಂದರಂತೆ ಮರಿ. ಎಣಿಸಬೇಕು: ಜೀವ ಇದ್ದದ್ದೆಷ್ಟು, ಸತ್ತದ್ದೆಷ್ಟು, ಕರಗಿ ಕಲೆ ಮಾತ್ರ ಉಳಿದದ್ದೆಷ್ಟು. ಕೆಲವು ಮರಿಗಳನ್ನು ಕ್ಷಾರದಲ್ಲಿ ತಿಳಿಯಾಗಿಸಿ ಅಲಿಜರಿನ್ ಎಂಬ ಬಣ್ಣದಲ್ಲಿ ನೆನೆಸಿದರೆ ಮಾಂಸ ಗಾಜಾಗಿ ಎಲುಬು ಮಾತ್ರ ಕೆಂಪಗೆ ಉಳಿಯುತ್ತದೆ. ಹೆಬ್ಬೆರಳಿನಷ್ಟು ಮೈಯಲ್ಲಿ ಇಡೀ ಬೆನ್ನೆಲುಬು, ಮಣಿ ಪೋಣಿಸಿದ ಹಾಗೆ. ಒಂದೊಂದೇ ಮಣಿ ಎಣಿಸಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಯಾಕೆ ಎಣಿಸುತ್ತೇವೆ ಎಂದು ಬಹಳ ವರ್ಷ ನಾನು ಕೇಳಲಿಲ್ಲ.

1998ರ ಮಳೆಗಾಲ. ನಮ್ಮ ವೈನಿ ಮೊದಲ ಬಸುರಿ. ನಮ್ಮವ್ವ ಆಗ ನಿಮ್ಮ ಹಾಗೇ ಅತ್ತೆ, ಓಣಿಗೇ ಗೊತ್ತಿದ್ದ ಗಟ್ಟಿ ಅತ್ತೆ. ನರ್ಸಮ್ಮ ಬಂದು ವೈನಿಗೆ ಕೊಟ್ಟ ಕೆಂಪು ಗುಳಿಗೆಗಳನ್ನು ಅವ್ವ ಇಸಿದುಕೊಂಡು ದೀಪದ ಮಾಡದೊಳಗೆ ಇಡುತ್ತಿದ್ದಳು. "ಗುಳಿಗಿ ನುಂಗಿದ್ರ ಕೂಸು ಕರ್ರಗ ಹುಟ್ಟತದ. ದಪ್ಪ ಆಗಿ ಹಡಿಯೋದು ಕಷ್ಟ ಆಗ್ತದ. ನಾ ಏಳು ಹಡದೀನಿ, ಯಾವ ಗುಳಿಗಿ ನುಂಗೀನಿ?" ಓಣಿಯ ಸಣ್ಣ ಹುಡುಗಿಯರು ಆ ಗುಳಿಗೆ ಕದ್ದು, ಎಂಜಲು ಹಚ್ಚಿ, ತುಟಿಗೆ ತಿಕ್ಕಿಕೊಂಡು ಲಗ್ನದ ಆಟ ಆಡುತ್ತಿದ್ದರು. ಊರಿಗೆ ಬಂದಿದ್ದ ನಾನು ನೋಡಿದೆ. ನಕ್ಕೆ.

ಕೂಸು ಹುಟ್ಟಿತು. ಗಂಡು. ಮುಖ ಚಂದ. ಬೋರಲು ಹಾಕಿದಾಗ ಸೊಂಟದ ಮೇಲೆ, ನಟ್ಟನಡುವೆ, ಬೆನ್ನು ಕೂಡಿರಲಿಲ್ಲ. ತೆಳು ಪೊರೆಯ ಒಂದು ಗುಳ್ಳೆ. ಕಾಲು ಅಲುಗಾಡಲಿಲ್ಲ. ಒಂಬತ್ತು ದಿನ ಇತ್ತು.

ಗ್ರಹಣದಲ್ಲಿ ಕುಡುಗೋಲು ಹಿಡಿದಿದ್ದಳಂತೆ ಎಂದಿರಿ. ಯಾವ ಗ್ರಹಣ ಎಂದು ಯಾರೂ ಪಂಚಾಂಗ ತೆಗೆಯಲಿಲ್ಲ. ವೈನಿ ಎರಡು ವರ್ಷ ಯಾರ ಕುಬಸಕ್ಕೂ ಹೋಗಲಿಲ್ಲ, ಯಾರೂ ಕರೆಯಲೂ ಇಲ್ಲ.

ಆ ಬೆನ್ನನ್ನು ನಾನು ಮೊದಲೇ ನೋಡಿದ್ದೆ, ದೊಡ್ಡವ್ವ. ಇಲಿಮರಿಯಲ್ಲಿ.

ಊರಿನಿಂದ ಹೋದ ಮೇಲೆ ನಮ್ಮಲ್ಲಿದ್ದ ಹಿರಿಯ ವಿಜ್ಞಾನಿಯೊಬ್ಬರನ್ನು ಹಿಡಿದು ಕೂತೆ. ಅವರು ಮೂರು ಸಂಜೆ ಹೇಳಿದ್ದನ್ನು, ಆಮೇಲೆ ನಾನು ಕೇಳಿ ತಿಳಿದದ್ದನ್ನೂ ಸೇರಿಸಿ, ನನಗೆ ತಿಳಿದಷ್ಟು ನಿಮಗೆ ಹೇಳುತ್ತೇನೆ.

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬೈಗೆ ಬಂದರು. ಅಲ್ಲಿ ಬಡ ಹೆಂಗಸರು, ಬಟ್ಟೆ ಗಿರಣಿಯ ಕೂಲಿಯವರು, ಬಸುರಿನಲ್ಲಿ ರಕ್ತ ತೆಳುವಾಗಿ ಸಾಯುತ್ತಿದ್ದರು. ಅವರು ಏನು ಉಣ್ಣುತ್ತಾರೆ ಎಂದು ವಿಲ್ಸ್ ಮನೆಮನೆಗೆ ಹೋಗಿ ನೋಡಿದರು. ಅದೇ ಊಟವನ್ನು ಇಲಿಗೆ ಹಾಕಿದರು. ಇಲಿಗಳಿಗೂ ರಕ್ತ ಕಡಿಮೆಯಾಯಿತು. ಸಿಕ್ಕೇಬಿಟ್ಟಿತು ಎನ್ನುವಾಗ ತಿಳಿದದ್ದು, ಆ ಇಲಿಗಳ ಕಾಯಿಲೆಗೆ ಕಾರಣ ಊಟವಲ್ಲ, ಅವುಗಳ ಮೈಮೇಲಿನ ಹೇನು ತಂದ ಸೋಂಕು! ಇಲಿಯೂ ದಾರಿ ತಪ್ಪಿಸುತ್ತದೆ. ಆಮೇಲೆ ಅದೇ ಬಡ ಊಟವನ್ನು ಕೋತಿಗಳಿಗೆ ಹಾಕಿದರು. ರಕ್ತ ಕಳೆದುಕೊಂಡ ಕೋತಿಗೆ ಮಾರ್ಮೈಟ್ ಎಂಬ ಯೀಸ್ಟಿನ ಉಪ್ಪುಪ್ಪು ಲೇಹ ಕೊಟ್ಟಾಗ ಅದು ಚೇತರಿಸಿಕೊಂಡಿತು. ಬಸುರಿಯರಿಗೆ ಕೊಟ್ಟರು, ಅವರೂ ಚೇತರಿಸಿಕೊಂಡರು. 1931ರಲ್ಲಿ ವಿಲ್ಸ್ ಅದನ್ನು ಬರೆದು ಪ್ರಕಟಿಸಿದರು. ಆ ಲೇಹದಲ್ಲಿ ಏನಿದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ವಿಲ್ಸ್ ಅಂಶ ಎನ್ನುತ್ತಿದ್ದರು. 1941ರಲ್ಲಿ ಅಮೆರಿಕದವರು ನಾಲ್ಕು ಟನ್ ಪಾಲಕ್ ಸೊಪ್ಪು ಅರೆದು ಚಿಟಿಕೆಯಷ್ಟು ತೆಗೆದು, ಎಲೆಯಿಂದ ಬಂದದ್ದೆಂದು ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. 1945ರಲ್ಲಿ ಅದನ್ನು ಸೊಪ್ಪಿಲ್ಲದೆ ಪ್ರಯೋಗಾಲಯದಲ್ಲೇ ತಯಾರಿಸಿದ ತಂಡದ ಮುಖ್ಯಸ್ಥ ನಮ್ಮ ನೆರೆಯವರೇ, ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ನಮ್ಮವ್ವ ಮಾಡದಲ್ಲಿ ಇಟ್ಟಿದ್ದು ಇದನ್ನು.

ವಿಲ್ಸ್ ಮುಂಬೈಯಲ್ಲಷ್ಟೇ ಅಲ್ಲ, ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲೂ ಕೆಲಸ ಮಾಡಿದರು. ಅಲ್ಲೇ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ಸೇನಾ ವೈದ್ಯರು 1918ರಲ್ಲಿ ಒಂದೇ ಕೋಣೆಯಲ್ಲಿ ಆಹಾರದ ಸಂಶೋಧನೆ ಶುರು ಮಾಡಿದ್ದರು. ಅವರದೊಂದು ಪ್ರಯೋಗ ಕೇಳಿದರೆ ನಗು ಬರುತ್ತದೆ. ಇಲಿಗಳನ್ನು ಏಳು ಪಂಗಡ ಮಾಡಿ ಒಂದಕ್ಕೆ ಸಿಖ್ಖರ ಊಟ, ಒಂದಕ್ಕೆ ಪಠಾಣರದು, ಒಂದಕ್ಕೆ ಮರಾಠರದು, ಗೂರ್ಖರದು, ಬಂಗಾಳಿಗಳದು, ಮದ್ರಾಸಿನವರದು, ಹೌದು, ಕನ್ನಡಿಗರದೂ! ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಸೊಪ್ಪು ತಿಂದ ಸಿಖ್ಖ ಇಲಿಗಳು ಎಲ್ಲಕ್ಕಿಂತ ದಷ್ಟಪುಷ್ಟ. ನಮ್ಮ ಕನ್ನಡ ಇಲಿಗಳ ಕೆಳಗೆ ಉಳಿದವು ಬಂಗಾಳಿ, ಮದ್ರಾಸಿ ಎರಡೇ. ಯಾವ ಕನ್ನಡಿಗರ ಮನೆಯ ಊಟ ನೋಡಿ ಹಾಕಿದರೋ, ಜೋಳ ಉಣ್ಣುವ ನಮ್ಮನ್ನು ಕೇಳಿದ್ದರೆ ಫಲ ಬೇರೆ ಬರುತ್ತಿತ್ತೋ ಏನೋ. ಕೂನೂರಿನ ಆ ಆಹಾರ ಸಂಶೋಧನಾಲಯವೇ 1958ರಲ್ಲಿ ಹೈದರಾಬಾದಿಗೆ ಬಂದು, 1969ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆ ಎಂದಾಯಿತು. ತಾರ್ನಾಕಾದಲ್ಲಿದೆ. ನೀವು ಹೈದರಾಬಾದಿಗೆ ಹೋದಾಗ ನೋಡಿರಬಹುದು.

ಇನ್ನು ಬೆನ್ನಿನ ವಿಷಯ. 1952ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಮಾರ್ಜರಿ ನೆಲ್ಸನ್, ಹರ್ಬರ್ಟ್ ಇವಾನ್ಸ್ ಮತ್ತು ಜೊತೆಯವರು ಬಸುರಿ ಇಲಿಗಳಿಗೆ ಕೆಲವೇ ದಿನ ಫೋಲಿಕ್ ಆಮ್ಲ ಸಿಗದಂತೆ ಮಾಡಿದರು. ಉಳಿದ ಊಟವೆಲ್ಲ ಸರಿಯಾಗಿತ್ತು. ಮರಿಗಳು ಅಂಗ ಕೆಟ್ಟು ಹುಟ್ಟಿದವು. ಎಷ್ಟು ದಿನ ತಪ್ಪಿಸಿದರು ಅನ್ನುವುದಕ್ಕಿಂತ ಯಾವ ದಿನ ತಪ್ಪಿಸಿದರು ಅನ್ನುವುದೇ ಮುಖ್ಯವಾಗಿತ್ತು. ಇಲಿಯಲ್ಲಿ ಬೆನ್ನಿನ ನಾಳ ಮುಚ್ಚಿಕೊಳ್ಳುವುದು ಹತ್ತು-ಹನ್ನೊಂದನೆಯ ದಿನದ ಹೊತ್ತಿಗೆ. ಮನುಷ್ಯರಲ್ಲಿ ಗರ್ಭ ನಿಂತ 28 ದಿನದೊಳಗೆ.

ಇಪ್ಪತ್ತೆಂಟು ದಿನ. ಬೆರಳು ಮಡಚಿ ಎಣಿಸಿ. ತಿಂಗಳು ನಿಂತಿದೆ ಎಂದು ಸೊಸೆಗೆ ಗುಮಾನಿ ಬಂದು, ಅವಳು ನಾಚಿ, ಗಂಡನಿಗೆ ಹೇಳಿ, ಅವನು ನಿಮಗೆ ಹೇಳಿ, ನೀವು ಇನ್ನೊಂದು ತಿಂಗಳು ನೋಡೋಣ ಎನ್ನುವ ಹೊತ್ತಿಗೆ ಆ ಬಾಗಿಲು ಮುಚ್ಚಿಯಾಗಿರುತ್ತದೆ, ಇಲ್ಲವೇ ಮುಚ್ಚದೆ ಉಳಿದಿರುತ್ತದೆ.

ಹಾಗಾದರೆ ಐದನೆಯ ತಿಂಗಳಲ್ಲಿ ಗುಳಿಗೆ ಮಾಡದಲ್ಲಿಟ್ಟ ನಮ್ಮವ್ವನಿಂದ ಆ ಬೆನ್ನು ಬಿರಿಯಲಿಲ್ಲ. ಇದನ್ನು ನೀವೆಲ್ಲ ಕೇಳಬೇಕು, ಯಾಕೆಂದರೆ ಅವ್ವ ಒಳಗೊಳಗೇ ಅದನ್ನು ತನ್ನ ಮೇಲೆ ಹಾಕಿಕೊಂಡಿದ್ದಳು. ಕೆಂಪು ಗುಳಿಗೆ ನಾಲ್ಕನೆಯ ತಿಂಗಳಿಂದ ಕೊಡುವುದು ರಕ್ತಕ್ಕೆ. ಅದರಲ್ಲಿ ಕಬ್ಬಿಣವೂ ಫೋಲಿಕ್ ಆಮ್ಲವೂ ಇದೆ. ಅದನ್ನು ನುಂಗಿದ್ದರೆ ವೈನಿಗೆ ಹೆರಿಗೆಯಲ್ಲಿ ಅಷ್ಟು ಸುಸ್ತು ಬರುತ್ತಿರಲಿಲ್ಲ, ನಿಜ. ಆದರೆ ಬೆನ್ನಿಗೆ ಬೇಕಾದದ್ದು ಬರೀ ಫೋಲಿಕ್ ಆಮ್ಲದ ಸಣ್ಣ ಗುಳಿಗೆ, ಅದೂ ಬಸುರಾಗುವ ಮೊದಲೇ. ಅದನ್ನು ನಮ್ಮ ಮನೆಗೆ ಯಾರೂ ತಂದುಕೊಟ್ಟಿರಲಿಲ್ಲ. 1991ರಲ್ಲೇ ಏಳು ದೇಶಗಳ 33 ಕೇಂದ್ರಗಳಲ್ಲಿ ಪರೀಕ್ಷೆ ಮುಗಿದು, ಮೊದಲೊಮ್ಮೆ ಇಂಥ ಕೂಸು ಹಡೆದ ತಾಯಂದಿರು ಮುಂಚಿತವಾಗಿ ಫೋಲಿಕ್ ಆಮ್ಲ ತೆಗೆದುಕೊಂಡರೆ ಮತ್ತೆ ಹಾಗಾಗುವುದು ನೂರಕ್ಕೆ 72ರಷ್ಟು ತಪ್ಪುತ್ತದೆ ಎಂದು ಸಾಬೀತಾಗಿತ್ತು. ಇಲಿ ಹೇಳಿದ 39 ವರ್ಷಕ್ಕೆ ಮನುಷ್ಯರು ಒಪ್ಪಿದ್ದರು. ಅದಾಗಿ ಏಳು ವರ್ಷಕ್ಕೆ ನಮ್ಮ ಮನೆಯ ಕೂಸು ಹುಟ್ಟಿತು.

ಆ ಮನೆಯಲ್ಲಿ ಇದಕ್ಕೆ ಹತ್ತಿರದ ಕೆಲಸ ಮಾಡುತ್ತಿದ್ದವಳು ನಾನೊಬ್ಬಳೇ. ಎಲುಬು ಎಣಿಸುತ್ತಿದ್ದೆ, ಯಾಕೆಂದು ಕೇಳಲಿಲ್ಲ. ಇಲಿಯದು ಇಲಿಗೆ, ನಮ್ಮದು ನಮಗೆ ಅಂದುಕೊಂಡಿದ್ದೆ.

ಇಷ್ಟು ಹೇಳಿದೆನೆಂದು ಇಲಿ ಹೇಳಿದ್ದೆಲ್ಲ ವೇದವಾಕ್ಯ ಅಂದುಕೊಳ್ಳಬೇಡಿ. 1957ರಲ್ಲಿ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ದೆಯ ಗುಳಿಗೆ ಬಂತು. ಬಸುರಿಯರ ಬೆಳಗಿನ ವಾಕರಿಕೆಗೂ ಬಲು ಒಳ್ಳೆಯದು, ಯಾವ ಅಪಾಯವೂ ಇಲ್ಲ ಎಂದು ಮಾರಿದರು. ಬಸುರಿ ಪ್ರಾಣಿಗಳ ಮೇಲೆ ಸರಿಯಾಗಿ ನೋಡಿರಲೇ ಇಲ್ಲ. ಕೈಯಿಲ್ಲದ, ಭುಜಕ್ಕೇ ಬೆರಳು ಅಂಟಿದ ಕೂಸುಗಳು ಹುಟ್ಟತೊಡಗಿದವು. 1961ರ ನವೆಂಬರಿನಲ್ಲಿ ಅಲ್ಲಿ ಮಾರಾಟ ನಿಲ್ಲಿಸಿದರು. ಒಟ್ಟಿನಲ್ಲಿ ಹಲವು ದೇಶಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಹಾಗಾಯಿತು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿ, ಒಬ್ಬ ಹೆಂಗಸು, ಪುರಾವೆ ಸಾಲದು ಎಂದು ಪಟ್ಟು ಹಿಡಿದು ಅದಕ್ಕೆ ಪರವಾನಗಿಯನ್ನೇ ಕೊಡಲಿಲ್ಲ. ಆಮೇಲೆ ಇಲಿಗಳಿಗೆ ಅದೇ ಗುಳಿಗೆ ಕೊಟ್ಟು ನೋಡಿದರೆ ಮರಿಗಳಿಗೆ ಕೈಕಾಲು ನೆಟ್ಟಗೇ ಇದ್ದವು! ಮೊಲಕ್ಕೆ ಕೊಟ್ಟಾಗ ಕೆಟ್ಟವು, ಕೋತಿಗೆ ಕೊಟ್ಟಾಗಲೂ ಕೆಟ್ಟವು. ಇಂದು ಹೊಸ ಔಷಧಿಯನ್ನು ಬಸುರಿ ಇಲಿಯ ಜೊತೆ ಬಸುರಿ ಮೊಲದ ಮೇಲೂ ನೋಡಬೇಕೆಂಬ ನಿಯಮ ಇರುವುದು ಅದರಿಂದಲೇ, ನಮ್ಮ ದೇಶದಲ್ಲೂ. ಇದನ್ನು ಯಾಕೆ ಹೇಳಿದೆನೆಂದರೆ, ಸೊಸೆಗೆ ವಾಂತಿಯಾದರೆ ತಾಂಡೂರಿನ ಮೆಡಿಕಲ್ ಅಂಗಡಿಗೆ ಮೊಮ್ಮಗನನ್ನು ಕಳಿಸಿ ಗುಳಿಗೆ ತರಿಸುವ ರೂಢಿ ನಮ್ಮಲ್ಲಿದೆ. ಡಾಕ್ಟರು ಬರೆದುಕೊಡದ ಒಂದು ಗುಳಿಗೆಯೂ ಮೊದಲ ಮೂರು ತಿಂಗಳಲ್ಲಿ ಅವಳ ಹೊಟ್ಟೆಗೆ ಹೋಗಬಾರದು.

ನಿಮ್ಮದು ಇನ್ನೊಂದು ನಂಬಿಕೆ: ಬಸುರಿ ಹೊಟ್ಟೆ ತುಂಬ ಉಂಡರೆ ಕೂಸು ದಪ್ಪವಾಗುತ್ತದೆ, ಸಣ್ಣ ಕೂಸು ಸಲೀಸಾಗಿ ಹುಟ್ಟುತ್ತದೆ. ಪರಸಿ ಖಣಿಯಿಂದ ದವಾಖಾನೆಗೆ ಬಂಡಿ ಸಿಗದ ಕಾಲದಲ್ಲಿ ಈ ಮಾತು ಯಾಕೆ ಹುಟ್ಟಿತೆಂದು ನನಗೆ ಅರ್ಥವಾಗುತ್ತದೆ. ಆಗ ಹೆರಿಗೆ ಅಡ್ಡಾದರೆ ತಾಯಿ ಉಳಿಯುತ್ತಿರಲಿಲ್ಲ. ಆದರೆ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಜನ ಮಿಷನ್ ಆಸ್ಪತ್ರೆ ಎನ್ನುತ್ತಾರೆ, 1934ರಿಂದ ಹುಟ್ಟಿದ ಒಂದೊಂದು ಕೂಸಿನ ತೂಕವನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅರವತ್ತು ವರ್ಷದ ಮೇಲೆ ಆ ಪುಸ್ತಕ ತೆಗೆದು, ಹೆಸರು ಹಿಡಿದು, ಮೈಸೂರಿನಲ್ಲೇ ಇದ್ದ 517 ಮಂದಿಯನ್ನು ಹುಡುಕಿ ಹೃದಯ ಪರೀಕ್ಷೆ ಮಾಡಿದರು. ಎರಡೂವರೆ ಕಿಲೋ ಇಲ್ಲವೇ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ. ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ 3 ಮಂದಿಗೆ. 1996ರಲ್ಲಿ ಇದು ಪ್ರಕಟವಾಯಿತು. ಸಣ್ಣ ಕೂಸು ಸಲೀಸಾಗಿ ಹುಟ್ಟಿತು, ಐವತ್ತು ವರ್ಷಕ್ಕೆ ಎದೆ ಹಿಡಿದುಕೊಂಡು ಬಿತ್ತು.

ಮನುಷ್ಯರಲ್ಲಿ ಇದು ಊಟದಿಂದಲೇ ಆಯಿತೆಂದು ಹೇಳುವುದು ಕಷ್ಟ. ಬಡತನ, ಬೀಡಿ, ಚಿಂತೆ, ನೂರೆಂಟು ಕಾರಣ. ಇಲಿಗೆ ಸಾಲ ಇರುವುದಿಲ್ಲ, ಸವತಿ ಇರುವುದಿಲ್ಲ. ಹೈದರಾಬಾದಿನ ಪೋಷಣ ಸಂಸ್ಥೆಯಲ್ಲಿ ಎಂ. ರಘುನಾಥ್ ಅವರ ತಂಡ ಹೆಣ್ಣಿಲಿಗಳಿಗೆ ಹೊಟ್ಟೆ ತುಂಬ ಊಟ ಹಾಕಿ, ಅದರಲ್ಲಿ ಜೀವಸತ್ವ ಮಾತ್ರ ಕಡಿಮೆ ಮಾಡಿತು. ಮರಿಗಳು ದೊಡ್ಡವಾದ ಮೇಲೆ ಅವುಗಳ ಮೈಯಲ್ಲಿ ಕೊಬ್ಬು ಹೆಚ್ಚಿತ್ತು. ಅದು 2004ರಲ್ಲಿ. 2013ರಲ್ಲಿ ಫೋಲಿಕ್ ಆಮ್ಲ, ಬಿ12 ಇವೆರಡನ್ನೇ ಕಡಿಮೆ ಮಾಡಿ ನೋಡಿದಾಗಲೂ ಹೀಗೇ. ತಾಯಿ ಉಣ್ಣದೆ ಉಳಿದದ್ದನ್ನು ಮರಿಯ ಮೈ ನೆನಪಿಟ್ಟುಕೊಳ್ಳುತ್ತದೆ. ನಮ್ಮಲ್ಲಿ ಮಾಂಸ, ಮೊಟ್ಟೆ ತಿನ್ನದ ಮನೆಗಳೇ ಬಹಳ. ಬಿ12 ಜೋಳದಲ್ಲಿಲ್ಲ, ತೊಗರಿಯಲ್ಲಿಲ್ಲ, ತಾಂಡೂರಿನ ತೊಗರಿಗೆ ಎಷ್ಟೇ ಹೆಸರಿದ್ದರೂ. ಹಾಲು-ಮೊಸರು ಮಗನ ತಟ್ಟೆಗೆ ಮೊದಲು ಹೋಗುತ್ತದೆ. ಸೊಸೆ ಉಣ್ಣಲು ಕೂರುವ ಹೊತ್ತಿಗೆ ಮಜ್ಜಿಗೆ ನೀರಾಗಿರುತ್ತದೆ.

ಮೊಟ್ಟೆ ಅಂದೆನಲ್ಲ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಆರ್. ಅಡಿಗ ಎಂಬ ಜೀವರಸಾಯನ ವಿಜ್ಞಾನಿ ಇದ್ದರು. ಕೋಳಿಮೊಟ್ಟೆಯೊಳಗೆ ಒಂದು ಪ್ರೋಟೀನು ಇದೆ, ಬಿ2 ಜೀವಸತ್ವವನ್ನು ಹೊತ್ತು ಮರಿಗೆ ಮುಟ್ಟಿಸುವ ಹಮಾಲನಂಥದ್ದು. ಆ ಹಮಾಲನಿಲ್ಲದ ಕೋಳಿಯ ಮೊಟ್ಟೆಯಲ್ಲಿ ಮರಿ ಎರಡನೆಯ ವಾರದ ಕೊನೆಗೆ ಸಾಯುತ್ತದೆ. ಅಂಥದ್ದೇ ಬಸುರಿ ಇಲಿಯ ರಕ್ತದಲ್ಲೂ ಇದೆ ಎಂದು ಅಡಿಗರ ತಂಡ ತೋರಿಸಿತು. ಇಲಿಗೆ ಪ್ರತಿಕಾಯ ಕೊಟ್ಟು ಆ ಹಮಾಲನನ್ನು ಕಟ್ಟಿಹಾಕಿದರು. ತಾಯಿಗೆ ಏನೂ ಆಗಲಿಲ್ಲ, ಹೊಟ್ಟೆಯ ಮರಿಗಳು ಹೋದವು. ನನಗೆ ಇದನ್ನು ಕೇಳಿದಾಗ ಎದೆ ಝಲ್ಲೆಂದಿತು. ತಾಯಿಯ ಊಟ ತಾನಾಗಿ ಕೂಸಿಗೆ ಹೋಗುತ್ತದೆ ಎಂದುಕೊಂಡಿದ್ದೆ. ಇಲ್ಲ, ಯಾರೋ ಹೊತ್ತುಕೊಂಡು ಹೋಗಿ ಮುಟ್ಟಿಸಬೇಕು, ಹೊರುವವನಿದ್ದರೂ ಹೊರೆ ಇರಬೇಕು. ಆರೋಗ್ಯ ಲಕ್ಷ್ಮಿ ಎಂದು ಅಂಗನವಾಡಿಯಲ್ಲಿ ಬಸುರಿಯರಿಗೆ ದಿನಕ್ಕೊಂದು ಮೊಟ್ಟೆ, 200 ಮಿಲಿಲೀಟರ್ ಹಾಲು, ಒಂದು ಪೂರ್ತಿ ಊಟ ಕೊಡುತ್ತಾರಲ್ಲ, ಸೊಸೆ ಅಲ್ಲೇ ಕೂತು ಉಂಡು ಬರಲಿ. ಡಬ್ಬಿಯಲ್ಲಿ ಮನೆಗೆ ತಂದರೆ ಆ ಮೊಟ್ಟೆ ಯಾರ ಬಾಯಿಗೆ ಹೋಗುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು.

ಇನ್ನು ನಾನು ಕೇಳುವುದು ಬಹಳ ಇಲ್ಲ. ಲಗ್ನ ಗೊತ್ತಾದ ದಿನವೇ, ಅಕ್ಕಿಕಾಳು ಬೀಳುವ ಮೊದಲೇ, ಹುಡುಗಿಗೆ ಫೋಲಿಕ್ ಆಮ್ಲದ ಗುಳಿಗೆ ಶುರುವಾಗಬೇಕು. ದಿನಕ್ಕೆ 400 ಮೈಕ್ರೋಗ್ರಾಂ, ಬಸುರಾದ ಮೇಲೂ ಮೊದಲ ಮೂರು ತಿಂಗಳು. ಆಶಾ ಅಕ್ಕನನ್ನು ಕೇಳಿ, ಅವಳು ಕೊಡುತ್ತಾಳೆ. ನಾಲ್ಕನೆಯ ತಿಂಗಳಿಂದ ಕೆಂಪು ಗುಳಿಗೆ ದಿನಕ್ಕೊಂದು, 180 ದಿನ. ಹಡೆದ ಮೇಲೆ ಮತ್ತೆ 180. ಮಲ ಕಪ್ಪಗಾಗುತ್ತದೆ, ಹೌದು, ಅದು ಕಬ್ಬಿಣದ ಬಣ್ಣ. ಕೂಸು ಕಪ್ಪಾಗುವುದಿಲ್ಲ. ಕೂಸಿನ ಬಣ್ಣ ನಿಮ್ಮ ಮಗನದು, ಅವಳದು. ಮೊದಲೊಮ್ಮೆ ಬೆನ್ನು ಕೂಡದ ಕೂಸು ಹುಟ್ಟಿದ್ದರೆ ಈ ಸಣ್ಣ ಗುಳಿಗೆ ಸಾಲದು, ಹತ್ತು ಪಟ್ಟು ಬೇಕು. ಮುಂದಿನ ಬಸುರಿಗೆ ಮೊದಲೇ ಡಾಕ್ಟರ ಬಳಿ ಕರೆದೊಯ್ಯಿರಿ. ಗುಳಿಗೆ ನುಂಗಿದರೂ ಕೆಲವೊಮ್ಮೆ ಹಾಗಾಗುತ್ತದೆ. ಆಗ ಗ್ರಹಣದ ಮಾತು ಎತ್ತಬೇಡಿ.

ನಿಮ್ಮಲ್ಲಿ ಯಾರಾದರೂ ಕೇಳಿಯೇ ಕೇಳುತ್ತೀರಿ: "ಆ ಇಲಿಗಳ ಪಾಪ?" ನನಗೂ ಅದಕ್ಕೆ ಸರಿಯಾದ ಉತ್ತರ ಸಿಕ್ಕಿಲ್ಲ. ನಾನು ಕೆಲಸಕ್ಕೆ ಸೇರಿದಾಗ ಇಲಿಗಳ ಲೆಕ್ಕ ಸಡಿಲ. ಪ್ರಾಣಿಹಿಂಸೆ ತಡೆಯುವ ಕಾಯ್ದೆ 1960ರಷ್ಟು ಹಳೆಯದಾದರೂ ಪ್ರಯೋಗದ ನಿಯಮಗಳು ಬಿಗಿಯಾದದ್ದು 1998ರಲ್ಲಿ. ಆಮೇಲೆ ಇಷ್ಟು ಇಲಿ ಯಾಕೆ ಬೇಕು, ಕಡಿಮೆಗೆ ಆಗುವುದಿಲ್ಲವೇ, ನೋವು ಹೇಗೆ ತಪ್ಪಿಸುತ್ತೀರಿ ಎಂದು ಸಮಿತಿಯ ಮುಂದೆ ಬರೆದು ಕೊಡಬೇಕಾಯಿತು. ಸಂಸ್ಥೆಯ ಹೊರಗಿನವರೂ ಆ ಸಮಿತಿಯಲ್ಲಿ ಕೂರುತ್ತಾರೆ. 2023ರಲ್ಲಿ ಔಷಧಿಗಳ ನಿಯಮಕ್ಕೂ ಒಂದು ತಿದ್ದುಪಡಿ ಬಂತು: ಹೊಸ ಔಷಧಿಯ ಪರೀಕ್ಷೆಯಲ್ಲಿ ಪ್ರಾಣಿಯ ಬದಲು ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯ ಜೀವಕೋಶಗಳಂಥ ದಾರಿಗಳನ್ನೂ ಬಳಸಬಹುದು. ಒಳ್ಳೆಯದೇ. ಆದರೆ ತಾಯಿ ಉಂಡದ್ದು ಹೊಟ್ಟೆಯೊಳಗಿನ ಕೂಸಿಗೆ ಐವತ್ತು ವರ್ಷದ ಮೇಲೆ ಏನು ಮಾಡುತ್ತದೆ ಎನ್ನುವುದನ್ನು ಗಾಜಿನ ತಟ್ಟೆಯಲ್ಲಿ ಬೆಳೆದ ಜೀವಕೋಶ ಹೇಗೆ ಹೇಳೀತು ಎಂದು ನನಗಂತೂ ಹೊಳೆಯುತ್ತಿಲ್ಲ. ಅನಗತ್ಯವಾಗಿ ಸತ್ತ ಇಲಿಗಳನ್ನೂ ನೋಡಿದ್ದೇನೆ. ಮೊದಲೇ ತಿಳಿದದ್ದನ್ನು ಮತ್ತೆ ತಿಳಿಯಲು, ಯಾರದೋ ಪದವಿಗಾಗಿ ಸತ್ತವು. ಅವುಗಳ ಪುಸ್ತಕವನ್ನೂ ನಾನೇ ಬರೆದಿದ್ದೇನೆ. ಗಣೇಶನ ಹಬ್ಬದ ದಿನ ನಾನು ಮಂಟಪಕ್ಕೆ ಹೋದರೆ ಮೂರ್ತಿಯ ಮುಖ ನೋಡುವುದಿಲ್ಲ, ಕಾಲ ಬಳಿ ನೋಡುತ್ತೇನೆ.

2000ದಲ್ಲಿ ವೈನಿ ಮತ್ತೆ ಬಸುರಿಯಾಗುವ ಮೂರು ತಿಂಗಳು ಮೊದಲೇ ಡಾಕ್ಟರು ಬರೆದುಕೊಟ್ಟ ದೊಡ್ಡ ಗುಳಿಗೆ ಶುರುಮಾಡಿದ್ದೆವು. ಐದನೆಯ ತಿಂಗಳಲ್ಲಿ ಊರಿಗೆ ಬಂದೆ. ರಾತ್ರಿ ಪರಸಿಯ ಕಟ್ಟೆಯ ಮೇಲೆ ಕೂತು ಅವ್ವನಿಗೆ ಎಲ್ಲ ಹೇಳಿದೆ. ಇಲಿಮನೆ, ತೊಗರಿಕಾಯಿಯಂಥ ಗರ್ಭಚೀಲ, ಕೆಂಪು ಎಲುಬು, ಎಲ್ಲ. ಬೈಯುತ್ತಾಳೆಂದು ಕಾದೆ. ಅವ್ವ ಎಲೆ-ಅಡಕೆ ಅಗಿಯುತ್ತ ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು:

"ಆ ಇಲಿಗೋಳಿಗೂ ಬಯಕಿ ಆಗ್ತಾವೇನ?"

ಆಗುತ್ತವೆ ಎಂದೆ. ಆ ಕಥೆಯನ್ನೂ ವಿಜ್ಞಾನಿ ಹೇಳಿದ್ದರು. 1938ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಕರ್ಟ್ ರಿಕ್ಟರ್ ಎಂಬವರು ಬಸುರಿ ಇಲಿಗೆ ಕಲಸಿದ ಊಟ ಹಾಕದೆ ಬೇರೆ ಬೇರೆ ಬಟ್ಟಲು ಇಟ್ಟರು. ಒಂದರಲ್ಲಿ ಎಣ್ಣೆ, ಒಂದರಲ್ಲಿ ಸಕ್ಕರೆ, ಒಂದರಲ್ಲಿ ಹಾಲಿನ ಪ್ರೋಟೀನು, ಒಂದರಲ್ಲಿ ಉಪ್ಪುನೀರು, ಒಂದರಲ್ಲಿ ಸುಣ್ಣದ ಸತ್ವ. ಬಸುರಾದಂತೆ ಇಲಿ ತಾನೇ ಆರಿಸಿಕೊಂಡು ಉಪ್ಪು, ಸುಣ್ಣ, ಪ್ರೋಟೀನು, ಎಣ್ಣೆ ಹೆಚ್ಚು ತೆಗೆದುಕೊಂಡಿತು. ಯಾರೂ ಹೇಳಿಕೊಡಲಿಲ್ಲ.

"ಅಂದ್ರ ಅದರ ಮುಂದ ಎಲ್ಲಾ ಬಟ್ಟಲ ಇಟ್ಟಿದ್ರು?"

"ಹೌಂದವ್ವಾ, ಎಲ್ಲಾ."

ಅವ್ವ ಎದ್ದು ಅಡಿಗೆಮನೆಯ ಬಾಗಿಲಿಗೆ ಹೋದಳು. ಒಳಗೆ ವೈನಿ ಎಲ್ಲರದೂ ಆದ ಮೇಲೆ ತಣ್ಣನೆಯ ರೊಟ್ಟಿ ಮುರಿಯುತ್ತಿದ್ದಳು.

"ಏನ ಉಣಬೇಕನಸ್ತದವ್ವಾ ನಿನಗ?"

ವೈನಿ ಬೆಚ್ಚಿ ಎದ್ದು ನಿಂತಳು. ಏನೂ ಬೇಡ ಅತ್ತೆಮ್ಮ ಎಂದಳು. ಅವ್ವ ಮತ್ತೆ ಕೇಳಿದಳು. ಮೂರನೆಯ ಸಲ ಕೇಳಿದಾಗ ವೈನಿ ಸೆರಗು ಬಾಯಿಗೆ ಹಿಡಿದು, ಗೋಡೆಯ ಕಡೆ ತಿರುಗಿ, ಬಿಸಿ ರೊಟ್ಟಿ, ಪುಂಡಿಪಲ್ಯ ಎಂದಳು. ರಾತ್ರಿ ಒಂಬತ್ತೂವರೆಗೆ ಅವ್ವ ಆರಿದ ಒಲೆಗೆ ಮತ್ತೆ ಕಟ್ಟಿಗೆ ಇಟ್ಟಳು.

ನಿಮ್ಮೂರ ಮಗಳು